ಗೂಬೆ ವೇಷ ಹೊಲಿದ ಅತ್ತೆ

ನನ್ನ ಅತ್ತೆಯ ಮುಂದಿನ ಎರಡು ಹಲ್ಲುಗಳ ನಡುವೆ ಕಡಲೆಬೀಜ ತೂರುವಷ್ಟು ಸಂದಿ ಇತ್ತು. ಆ ಸಂದಿಯಿಂದ ಅವರು ಸಿಳ್ಳೆ ಹಾಕಿದರೆ ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಬಾಗೂರಿನ ಕಡೆ ಕುರಿ ಕಾಯ್ದು ಬೆಳೆದವರು. ಅರವತ್ತು ದಾಟಿ, ಹೊಸದುರ್ಗದ ನಮ್ಮ ತಾರಸಿ ಮನೆಗೆ ಬಂದ ಮೇಲೂ ಸಿಳ್ಳೆ ಬಿಟ್ಟಿರಲಿಲ್ಲ. ತರಕಾರಿ ಗಾಡಿಯವನನ್ನು ನಿಲ್ಲಿಸುವುದೂ ಅದರಲ್ಲೇ.

"ಹೆಂಗಸರು ಸಿಳ್ಳೆ ಹಾಕ್ತಾರಾ ಅತ್ತೆ? ನೋಡಿದೋರು ಏನಂದ್ಕೋತಾರೆ?" ಎಂದು ನಾನು ಒದ್ದಾಡುತ್ತಿದ್ದೆ.

"ಅದನ್ನೇ ಕೇಳ್ಕಂಡು ಕುಂತಿದ್ರೆ ನಮ್ಮ ಕುರಿ ಎಲ್ಲಾ ತೋಳದ ಪಾಲಾಗಿರಾವು" ಎನ್ನುತ್ತಿದ್ದರು.

ನಾನೋ, ಪಕ್ಕದ ಮನೆಯವರು ಕೆಮ್ಮಿದರೂ ನನಗೇ ಏನೋ ಅಂದರು ಎಂದುಕೊಳ್ಳುವವಳು. ಮಾವ ತೀರಿಕೊಂಡಾಗ ಬಳೆ ತೆಗೆಸಲು ಬಂದ ಹೆಂಗಸರಿಗೆ ಅತ್ತೆ ಮೊಣಕೈವರೆಗೆ ಸೆರಗು ಸುತ್ತಿಕೊಂಡು, "ಬಳೆ ನಮ್ಮಪ್ಪ ತೊಡಿಸಿದ್ದು. ಗಂಡನ ಜೊತೆ ಬಂದಿದ್ದಲ್ಲ, ಗಂಡನ ಜೊತೆ ಹೋಗಾದೂ ಇಲ್ಲ" ಎಂದಿದ್ದರಂತೆ. ಇಂಥವರಿಗೆ ನನ್ನಂಥ ಸೊಸೆ! ದೇವರು ಜೋಡಿ ಮಾಡುವಾಗ ತೂಕಡಿಸುತ್ತಿದ್ದನೋ ಏನೋ.

ನನ್ನ ಮಗಳಿಗೆ ಚಿಕ್ಕಂದಿನಲ್ಲೇ ದಪ್ಪ ಕನ್ನಡಕ ಬಂತು. ಒಂದು ಕಣ್ಣು ಸ್ವಲ್ಪ ಓರೆ. ಮೂರನೇ ಕ್ಲಾಸಿನಲ್ಲಿದ್ದಾಗ, ದಸರಾ ರಜೆ ಮುಗಿದರೂ ಅವಳು ಶಾಲೆಗೆ ಹೊರಡಲಿಲ್ಲ. ಇವತ್ತು ಹೊಟ್ಟೆನೋವು, ನಾಳೆ ತಲೆನೋವು. ನಾನು ರಮಿಸಿದೆ, ನನ್ನ ಗಂಡ ಗದರಿದರು, ಡಾಕ್ಟರ ಹತ್ತಿರವೂ ಹೋಗಿಬಂದೆವು. ಅತ್ತೆ ಮಾತ್ರ ಏನೂ ಕೇಳದೆ ಅವಳ ತಲೆಗೆ ಎಣ್ಣೆ ತಿಕ್ಕುತ್ತಾ ಕೂತರು. ಎಣ್ಣೆ ಇಳಿದಂತೆ ಮಾತೂ ಇಳಿಯಿತು. ಕ್ಲಾಸಿನಲ್ಲಿ ಎಲ್ಲರೂ ಅವಳನ್ನು "ಗೂಬೆ" ಎನ್ನುತ್ತಿದ್ದರು. ಅಷ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಒಂದು ದಿನ ಮಿಸ್ಸೇ, "ಏನೇ ಗೂಬೆ ತರ ನೋಡ್ತೀಯಾ?" ಎಂದುಬಿಟ್ಟಿದ್ದರು. ಇನ್ನು ಶಾಲೆಗೆ ಹೋಗುವುದೇ ಇಲ್ಲ ಎಂದು ಮಗು ಅಜ್ಜಿಯ ತೊಡೆಯಲ್ಲಿ ಮುಖ ಹುದುಗಿಸಿತು.

ಮುಂದಿನ ವಾರ ಮಕ್ಕಳ ದಿನಾಚರಣೆ, ವೇಷಭೂಷಣ ಸ್ಪರ್ಧೆ. ನಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳು ವೇಷ ಹಾಕುವುದೆಂದರೆ ಕಚ್ಚೆ ಕಟ್ಟಿ ಒನಕೆ ಹಿಡಿಯುವುದೆಂದೇ ಅರ್ಥ. ಚಿತ್ರದುರ್ಗದಿಂದ ಬಾಡಿಗೆಗೆ ನವಿಲಿನ ಡ್ರೆಸ್ ತರಿಸೋಣ, ಆ ಆಸೆಗಾದರೂ ಹೋದಾಳು ಎಂದೆ ನಾನು.

"ನವಿಲು ಯಾಕೆ? ಗೂಬೆ ಅಂದ್ರಾ? ಗೂಬೆನೇ ಆಗಿ ಹೋಗಾಣ" ಎಂದರು ಅತ್ತೆ.

ಯಾರಾದರೂ ಕೇಳಿಸಿಕೊಂಡರೇನೋ ಎಂದು ನಾನು ಬಾಗಿಲ ಕಡೆ ನೋಡಿದೆ. "ಅಪಶಕುನ ಅತ್ತೆ!"

"ಲೇ ತಾಯಿ, ಗೂಬೆ ನೀನು ಎಲ್ಲಿ ನೋಡಿದೀಯ? ನಾನು ಹಟ್ಟಿಯಾಗೆ ದಿನಾ ನೋಡಿದೀನಿ. ಊರೆಲ್ಲ ಕಣ್ಣು ಮುಚ್ಚಿದಾಗ ಅದೊಂದೇ ಕಣ್ಣು ಬಿಟ್ಕಂಡಿರ್ತೈತೆ. ಇಲಿ ಹಿಡೀತೈತೆ, ರಾಗಿ ಉಳಿಸ್ತೈತೆ. ಅದು ಕೂಗಿ ಯಾರೂ ಸತ್ತಿಲ್ಲ. ಎಲ್ರೂ ವಯಸ್ಸಾಗೇ ಸತ್ತಿರಾದು."

ಮಗಳು ತಲೆ ಎತ್ತಿದಳು. "ಅಜ್ಜೀ, ಗೂಬೆಗೆ ಕನ್ನಡಕ ಇರಲ್ವಲ್ಲ?"

"ನಮ್ಮ ಗೂಬೆ ಹಾಕ್ಕಂತೈತೆ. ಯಾರಪ್ಪನ ಮನೆ ಗಂಟು ಹೋಗಾದು?"

ಮರುದಿನವೇ ಅತ್ತೆ ಬಾಗೂರಿನ ಬಸ್ಸು ಹತ್ತಿ, ತಮ್ಮನ ಹಿಂಡಿನ ಉಣ್ಣೆಯನ್ನು ಒಂದು ಚೀಲ ತುಂಬಿಸಿಕೊಂಡು ಬಂದರು. ಕರಿ, ಕಂದು, ಬೂದು, ಅಲ್ಲಲ್ಲಿ ಬಿಳಿ. ಮನೆಯೆಲ್ಲ ಕುರಿರೊಪ್ಪದ ವಾಸನೆ. ಪೆಟ್ಟಿಗೆಯಿಂದ ಮಾವನ ಕಂಬಳಿ ಹೊರಗೆ ಬಂತು. ಮಗುವಿನ ಅಳತೆಗೆ ಕತ್ತರಿಸೋಣವೆಂದು ನಾನು ಕತ್ತರಿ ತಂದರೆ, ಹಾವು ತಂದವಳಂತೆ ನನ್ನನ್ನು ನೋಡಿದರು. ಕಂಬಳಿ ದೇವರು ಕೂರುವ ಗದ್ದುಗೆ, ಅದಕ್ಕೆ ಕತ್ತರಿ ಬೀಳಬಾರದು. ಮಳೆಯಲ್ಲಿ ಕುರಿಗಾಹಿಗಳು ತಲೆಗೆ ಹಾಕುವ ಕೊಪ್ಪೆಯಂತೆ ಅದನ್ನು ಮಡಿಸಿ, ಎರಡು ತುದಿಗಳನ್ನು ದಾರದಲ್ಲಿ ಬಿಗಿದರು. ಗೂಬೆಯ ಕಿವಿ ಎದ್ದು ನಿಂತವು. ಉಳಿದ ಅಂಚುಗಳನ್ನು ಮಣಿಕಟ್ಟಿಗೆ ಕಟ್ಟಿದಾಗ ರೆಕ್ಕೆಗಳಾದವು. ಆಮೇಲೆ ದಬ್ಬಳ ಹಿಡಿದು ಉಣ್ಣೆಯ ಎಸಳುಗಳನ್ನು ಸಾಲುಸಾಲಾಗಿ ಹೊಲಿಯುತ್ತಾ ಹೋದರು. ಕೊಬ್ಬರಿ ಕರಟದ ಚೂರನ್ನು ಕಲ್ಲಿಗೆ ಉಜ್ಜಿ ಕೊಕ್ಕು ಮಾಡಿದರು. ಕನ್ನಡಕದ ಸುತ್ತ ಬಿಳಿ ಉಣ್ಣೆಯ ಎರಡು ಬಳೆಗಳನ್ನು ಕೂರಿಸಿದರು. ಆ ದಪ್ಪ ಗಾಜುಗಳು ನನಗೆ ಮೊದಲ ಸಲ ಚಂದ ಕಂಡವು.

ಎಲ್ಲ ಮುಗಿದ ಮೇಲೆ ಅತ್ತೆ ಕೆಮ್ಮಣ್ಣು ಕಲಸಿದ ಜಾಜಿನಲ್ಲಿ ಬೆರಳದ್ದಿ, ಗೂಬೆಯ ಬೆನ್ನ ಮೇಲೆ ಕೆಂಪಗೆ ಒಂದು ಗೆರೆ ಎಳೆದರು. ಹಿಂಡುಗಳು ಬೆರೆತಾಗ ತಮ್ಮ ಕುರಿ ಗೊತ್ತಾಗಲೆಂದು ಹಾಕುವ ಗುರುತು ಅದು.

"ಅತ್ತೆ! ಗೂಬೆಗೆ ಕುರಿ ಗುರುತೇ?"

ಅವರು ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಕೈ ತಾನಾಗೇ ಹೋತು ನೋಡು." ಒರೆಸಲು ಹೋಗಿ ನಿಲ್ಲಿಸಿದರು. "ಇರ್ಲಿ ಬಿಡು. ನಮ್ಮ ಮರಿ ಅಂತ ಎಲ್ರಿಗೂ ಗೊತ್ತಾಗ್ಲಿ."

ಕಾರ್ಯಕ್ರಮದ ದಿನ ವೇದಿಕೆಯ ಮೆಟ್ಟಿಲ ಬಳಿ ನಮ್ಮನ್ನು ತಡೆದದ್ದು ಅದೇ ಮಿಸ್ಸು. ಮಗುವನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮ ಇದು? ಅತಿಥಿಗಳು ದೀಪ ಹಚ್ಚಿದ್ದಾರೆ, ಒಳ್ಳೆ ದಿನ. ಗೂಬೆನಾ ಸ್ಟೇಜ್ ಹತ್ಸೋದು? ಗಿಳೀನೋ ಪಾರಿವಾಳಾನೋ ಮಾಡಬಾರ್ದಿತ್ತಾ? ಈ ಸಲ ಬಿಡಿ, ಮುಂದಿನ ವರ್ಷ ನೋಡೋಣ" ಎಂದರು.

ಮಗಳು ನನ್ನ ಸೆರಗಿನ ಹಿಂದೆ ಸರಿದಳು. ಇವತ್ತು ಹಿಂದಕ್ಕೆ ಕರೆದುಕೊಂಡು ಹೋದರೆ ಇವಳು ಮತ್ತೆಂದೂ ಈ ಗೇಟಿನೊಳಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಬಾಯಿಂದ ಬಂದದ್ದು "ಆಯ್ತು ಮಿಸ್" ಎಂಬ ಎರಡೇ ಮಾತು.

ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿದರು. ದನಿ ಏರಿಸಲಿಲ್ಲ. "ಮೇಡಮ್ಮೋರೆ, ಕ್ಲಾಸ್‌ನಾಗೆ ಈ ಮಗೀನ ಗೂಬೆ ಅಂದ್ರಲ್ಲ, ಅವತ್ತು ಅಪಶಕುನ ಆಗ್ಲಿಲ್ವೇನ್ರಿ? ನೀವು ಕರದ್ರಿ, ಅದು ಬಂದೈತೆ. ದಾರಿ ಬಿಡ್ರಿ."

ಮಿಸ್ಸಿನ ಮುಖ ಕೆಂಪಾಯಿತು. ಪಕ್ಕಕ್ಕೆ ಸರಿದರು.

ಗೂಬೆ ಮೆಟ್ಟಿಲು ಹತ್ತಿತು. ಮಕ್ಕಳು ಕಿಸಕ್ಕೆಂದರು. ಅವಳು ಮೈಕಿನ ಮುಂದೆ ನಿಂತು, ಮೈ ಅಲುಗಿಸದೆ, ಕುತ್ತಿಗೆ ಮಾತ್ರ ಮೆಲ್ಲಗೆ ಆ ತುದಿಯಿಂದ ಈ ತುದಿಗೆ ತಿರುಗಿಸಿದಳು. ತನ್ನ ಕ್ಲಾಸಿನ ಸಾಲಿಗೆ ಬಂದಾಗ ಕಣ್ಣು ಅಲ್ಲೇ ನಿಂತಿತು. ನಗು ಅಡಗಿತು.

"ನಾನು ಗೂಬೆ. ನೀವು ಮಲಗಿದಾಗ ನಿಮ್ಮ ರಾಗಿ ಕಾಯೋಳು ನಾನೇ. ಈಗ ಯಾರು ಗೂಬೆ ಅಂತೀರೋ, ಜೋರಾಗಿ ಅನ್ರಿ."

ಯಾರೂ ಅನ್ನಲಿಲ್ಲ. ಹಿಂದಿನಿಂದ ಒಂದು ಸಿಳ್ಳೆ ಬಂತು, ಶಾಮಿಯಾನ ಹರಿಯುವಂಥದ್ದು. ಅದರ ಹಿಂದೆಯೇ ಮಕ್ಕಳ ಚಪ್ಪಾಳೆ. ಬಹುಮಾನವೇನೂ ಬರಲಿಲ್ಲ. ಅದು ಗಿಳಿಗೆ ಹೋಯಿತು. ಮರುದಿನ ಬೆಳಿಗ್ಗೆ ನಾನು ಎಬ್ಬಿಸುವ ಮೊದಲೇ ಮಗಳು ಯೂನಿಫಾರಂ ಹಾಕಿ ನಿಂತಿದ್ದಳು.

ಅತ್ತೆ ಹೋದ ವರ್ಷ ತೀರಿಕೊಂಡರು. ಸಂಜೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ. ಸಿರಿಗೆರೆಯಲ್ಲಿ ಪಿಯುಸಿ ಓದುತ್ತಿದ್ದ ಮಗಳು ಸಿಕ್ಕ ಬಸ್ಸು ಹಿಡಿದು ಬಂದಳು. ಬಾಗೂರಿನ ಹತ್ತಿರದ ಅವರ ಹೊಲದಲ್ಲೇ ಮಣ್ಣು ಮಾಡುವುದೆಂದಾಯಿತು. ಊರು ದಾಟುವಲ್ಲಿ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. "ಹೆಣ್ಮಕ್ಕಳು ಇಲ್ಲಿಂದ ವಾಪಸ್ ಹೋಗ್ರಿ. ಮುಂದಕ್ಕೆ ಬರೋ ಪದ್ಧತಿ ಇಲ್ಲ."

ಮಗಳು ಕದಲಲಿಲ್ಲ. "ನಮ್ಮಜ್ಜಿಗೆ ಮಣ್ಣು ಹಾಕ್ಬೇಕು ನಾನು" ಎಂದಳು. ಹಿರಿಯರು ನನ್ನ ಕಡೆ ತಿರುಗಿ, "ನೀನಾದ್ರೂ ಬುದ್ಧಿ ಹೇಳವ್ವ" ಎಂದರು. ಮದುವೆಯಾಗಿ ಬಂದಾಗಿನಿಂದ ಹಿರಿಯರ ಮಾತಿಗೆ ತಲೆಯಾಡಿಸಿದವಳು ನಾನು. ತಲೆಯಾಡಿಸುತ್ತೇನೆಂದೇ ಅವರು ನನ್ನನ್ನು ಕೇಳಿದ್ದು.

"ಅವಳು ಬರ್ತಾಳೆ, ನಾನೂ ಬರ್ತೀನಿ. ನೀವು ನಡೀರಿ, ಹೊತ್ತಾಗ್ತೈತೆ" ಎಂದೆ.

ಹಿರಿಯರು ಕೈ ಇಳಿಸಿ ಮುಂದೆ ನಡೆದರು. ಅತ್ತೆ ಇಷ್ಟು ವರ್ಷ ನನ್ನಿಂದ ಕೇಳಬೇಕೆಂದಿದ್ದ ಮಾತು ಅವರು ಕೇಳಲಾರದ ದಿನ ಬಂತಲ್ಲ ಎಂದುಕೊಂಡೆ. ನನ್ನ ಗಂಡ ಮಣ್ಣು ಹಾಕಿದರು, ಮಗಳು ಹಾಕಿದಳು, ಆಮೇಲೆ ನಾನು ಎರಡೂ ಕೈ ತುಂಬಿಕೊಂಡು ಹಾಕಿದೆ.