ಮೈ ಒದರದ ಫಾರಂ ಕೋಳಿ

ಮಾಲೂರಿನಲ್ಲಿ ಕೋಳಿ ಅಂಗಡಿ ಇಟ್ಟಿದ್ದ ಕೊಂಡಪ್ಪನಿಗೆ ಅಪ್ಪನಿಂದ ಬಂದ ಒಂದು ಪದ್ಧತಿಯಿತ್ತು. ಕೋಳಿಯ ಮೇಲೆ ನೀರು ಚಿಮುಕಿಸಬೇಕು. ಅದು ಮೈ ಒದರಿ ಒಪ್ಪಿಗೆ ಕೊಟ್ಟ ಮೇಲೆಯೇ ಕತ್ತಿ ಮುಟ್ಟಬೇಕು. ನಾಟಿ ಕೋಳಿಗಳು ಥಟ್ಟನೆ ಒದರುತ್ತಿದ್ದವು. ಎಂಬತ್ತಮೂರನೇ ಇಸವಿಯಲ್ಲಿ ಅಗ್ಗದ ಫಾರಂ ಕೋಳಿ ಬಂದ ಮೊದಲ ಭಾನುವಾರ, ಎಷ್ಟು ನೀರು ಬಿದ್ದರೂ ಅವು ಬಾಯಿ ತೆರೆದು ಏದುಸಿರು ಬಿಡುತ್ತಾ ಕೂತೇ ಇದ್ದವು.

ಹತ್ತು ಕೋಳಿ ಬೇಕೆಂದು ಹೇಳಿದ್ದ ಗಿರಾಕಿ ಚನ್ನರಾಯಪ್ಪ ಚಡಪಡಿಸಿದ. "ಬೀಗರು ಬಂದು ಕೂತವ್ರೆ ಕೊಂಡಣ್ಣ. ಇವಕ್ಕೆ ಒದರೋದು ಯಾರು ಹೇಳ್ಕೊಟ್ಟವ್ರೆ? ಕುಯ್ದು ಕೊಡು."

ಕೊಂಡಪ್ಪ ಲೆಕ್ಕ ಹಾಕಿದ. ಈ ಗಿರಾಕಿ ಹೋದರೆ ಅವನ ಕೇರಿಯೇ ಎದುರಿನ ಕೋಳಿ ಅಂಗಡಿಗೆ ಹೋಗುತ್ತದೆ. ಪಂಜರ ನೋಡಿದರೆ ರೆಕ್ಕೆ ಬಿಚ್ಚಲೂ ಜಾಗವಿಲ್ಲ. "ಒದರೋಕೆ ಎಡೆಯಾದ್ರೂ ಎಲ್ಲೈತೆ?" ಎನ್ನುತ್ತಾ ಕೋಳಿಗಳನ್ನೆಲ್ಲ ನೆಲಕ್ಕೆ ಬಿಟ್ಟು, ತಟ್ಟೆಯಲ್ಲಿ ನೀರಿಟ್ಟ.

"ಬೀಗರೂಟ ನನ್ ಮನೇಲೋ, ಈ ಕೋಳಿಗಳಿಗೋ?" ಎಂದು ಗೊಣಗಿ ಚನ್ನರಾಯಪ್ಪ ಎದುರಂಗಡಿಗೆ ನಡೆದ.

ಅರ್ಧ ಗಂಟೆಯ ಮೇಲೆ ಒಂದು ಕೋಳಿ ತಡವರಿಸಿ ಎದ್ದು, ನೀರು ಕುಡಿದು, ಮೈ ಒದರಿತು. ಅಂದು ಮಾರಿದ್ದು ಅದೊಂದೇ.

ಮುಂದಿನ ವಾರ ಫಾರಂ ವ್ಯಾನು ಬಂದಾಗ ಕೊಂಡಪ್ಪ ಹೇಳಿದ: "ಪಂಜರಕ್ಕೆ ಅರ್ಧ ತುಂಬ್ಕೊಂಡು ಬಾ. ಇಲ್ಲಾಂದ್ರೆ ಇಳಿಸ್ಬೇಡ."

ಡ್ರೈವರ್ ಅವನನ್ನೊಮ್ಮೆ ನೋಡಿ, ಇಳಿಸದೆ ಎದುರಂಗಡಿಯ ಮುಂದೆ ವ್ಯಾನು ನಿಲ್ಲಿಸಿದ.