ತೊಡೆಯ ಮೇಲೆ ಕೂತ ಭಾರ

ಸ್ಟೀರಿಂಗ್ ಮುಂದೆ ಕೂತಿದ್ದಾಗ ಎಡತೊಡೆಯ ಮೇಲೆ ಯಾರೋ ಬಂದು ಕೂತಂತಾಯಿತು.

ನೋಡಿದರೆ ಯಾರೂ ಇಲ್ಲ.

ನಾನು ಹಲಗೂರು–ಮಳವಳ್ಳಿ–ಮದ್ದೂರು ರೂಟಿನ ಪ್ರೈವೇಟ್ ಬಸ್ಸಿನ ಡ್ರೈವರ್. ಆ ಭಾರ ಆವತ್ತಿನಿಂದ ಇಳಿಯಲೇ ಇಲ್ಲ. ಹೆಂಡತಿ ಸಾಕಮ್ಮನಿಗೆ ಹೇಳುತ್ತಿದ್ದದ್ದು ಅವ್ವನ ಕಿವಿಗೂ ಬಿತ್ತು.

"ನಿಮ್ಮಪ್ಪ ಕಣ್ಲಾ. ಅರ್ಧ ಊಟದಲ್ಲಿ ಎಬ್ಬುಸ್ದಲ್ಲ, ಇನ್ನೆಲ್ಲಿಗೋದಾರು?"

ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಟ್ಟು ಬಾಗಿಲು ಮುಚ್ಚುತ್ತೇವೆ. ಅವರು ಉಣ್ಣುವಾಗ ಇಣುಕಬಾರದು. ಈ ಭಾರ ಕೂರುವುದಕ್ಕೆ ನಾಲ್ಕು ತಿಂಗಳು ಮುಂಚಿನ ಪಕ್ಷದಲ್ಲಿ, ಟ್ರಿಪ್ಪಿಗೆ ಹೊತ್ತಾಯಿತೆಂದು ನಾನು ಬಾಗಿಲು ತಳ್ಳಿ ಖಾಕಿ ಅಂಗಿ ತಂದಿದ್ದೆ.

ಅವ್ವನ ಮಾತಿಗೆ ನಕ್ಕೆ. ಆದರೆ ಬ್ರೇಕ್ ಹಾಕುವ ಮುಂಚೆ, "ಗಟ್ಟಿಯಾಗಿ ಕೂತ್ಕೊಳಪ್ಪ" ಎಂದು ಒಳಗೊಳಗೇ ಅನ್ನತೊಡಗಿದೆ. ಮುಂದಿನ ಪಕ್ಷದಲ್ಲಿ ಸರಿಯಾಗಿ ಎಡೆ ಇಟ್ಟರೆ ಅಪ್ಪ ಎದ್ದು ಹೋಗುತ್ತಾನೆಂದು ಎಂಟು ತಿಂಗಳು ಕಾದೆ. ಇಟ್ಟೆವು. ಬಾಗಿಲಿಗೆ ನಾನೇ ಕಾವಲು ಕೂತೆ.

ಏಳುವಾಗ ಎಡಪಾದ ನೆಲದ ಮೇಲಿರುವುದೇ ತಿಳಿಯಲಿಲ್ಲ.

ಸಾಕಮ್ಮ ಮಾರನೆಯ ದಿನವೇ ಮಂಡ್ಯದ ಆಸ್ಪತ್ರೆಗೆ ಎಳೆದೊಯ್ದಳು. "ಸತ್ತೋರ್ನ ಆಮೇಲ್ ನೋಡುವ. ನಂಗೆ ಇರೋರು ಬೇಕು."

ಎಂಆರ್‌ಐ, ಬಯಾಪ್ಸಿ ಆದವು. ಸೊಂಟದ ಮೂಳೆಗಳ ನಡುವೆ, ಕಾಲಿನ ನರಕ್ಕೆ ಒತ್ತಿಕೊಂಡು ತೆಂಗಿನಕಾಯಿ ಗಾತ್ರದ ಗೆಡ್ಡೆ. ಸಾಫ್ಟ್ ಟಿಶ್ಯೂ ಟ್ಯೂಮರ್, ಕ್ಯಾನ್ಸರ್ ಜಾತಿಯದು.

"ತೆಗೀಬಹುದು. ನರಕ್ಕೆ ಅಂಟಿದ್ರೆ ನರಾನೂ ಕತ್ತರಿಸಬೇಕಾಗುತ್ತೆ," ಎಂದರು ಸರ್ಜನ್. "ಮೊದಲೇ ಯಾಕೆ ಬರಲಿಲ್ಲ?"

ಎಡಗಾಲಿಲ್ಲದೆ ಕ್ಲಚ್ ಇಲ್ಲ, ಕ್ಲಚ್ ಇಲ್ಲದೆ ನಾನು ಡ್ರೈವರ್ ಅಲ್ಲ. ಬೆಪ್ಪನಂತೆ ತಲೆ ತಗ್ಗಿಸಿ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದೆ.

ಏಳು ಗಂಟೆ ಆಪರೇಷನ್. ಐಸಿಯುನಲ್ಲಿ ಎಚ್ಚರವಾದಾಗ ತೊಡೆ ಹಗುರವಾಗಿತ್ತು. ಇಷ್ಟು ದಿನ ಜೊತೆಗಿದ್ದವರು ಹೇಳದೆ ಹೋದಂತೆ ಒಂಥರಾ ಬಿಕೋ ಅನ್ನಿಸಿತು.

"ಪಾದ ಎತ್ತಿ," ಎಂದರು ಡಾಕ್ಟರ್.

ಎತ್ತಿದೆ.

"ಎತ್ತಿ."

"ಎತ್ತಿದ್ದೀನಲ್ಲ ಸಾರ್."

ಸಾಕಮ್ಮ ಹೊದಿಕೆ ಸರಿಸಿ ತೋರಿಸಿದಳು. ಪಾದ ಇದ್ದಲ್ಲೇ ಬಿದ್ದಿತ್ತು.

ಗೆಡ್ಡೆ ಪೂರ್ತಿ ಬಂದಿದೆಯಂತೆ. ಸ್ಕ್ಯಾನಿಗೆ ಆಗಾಗ ಹೋಗಬೇಕು. ಸ್ಪ್ಲಿಂಟ್ ಕಟ್ಟಿಕೊಂಡು ನಡೆಯುತ್ತೇನೆ, ಬಸ್‌ಸ್ಟ್ಯಾಂಡಿನಲ್ಲಿ ಕೂತು ಬಸ್ಸುಗಳ ಟೈಮ್ ನೋಡಿಕೊಳ್ಳುತ್ತೇನೆ. ಉಸಿರಿದೆ, ಅದೇನು ಸಣ್ಣ ಮಾತಲ್ಲ.

ಸಂಜೆಹೊತ್ತು ಅವ್ವ ಹರಳೆಣ್ಣೆ ಕಾಯಿಸಿ ತಂದು ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತಾಳೆ. "ನಾನೇ ತಡ ಮಾಡ್ಸ್ದೆ ಕಣ್ಲಾ," ಎಂದು ಅಳುತ್ತಾಳೆ. ನೋಡುತ್ತಿದ್ದರೆ ಬೇರೆ ಯಾರದೋ ಕಾಲನ್ನು ತಿಕ್ಕುತ್ತಿರುವಂತಿರುತ್ತದೆ. ನನಗೆ ಅವಳ ಕೈ ತಿಳಿಯುವುದೇ ಇಲ್ಲ.

"ನಿನ್ ಕೈ ಬೆಚ್ಗದೆ," ಅನ್ನುತ್ತೇನೆ. "ಇನ್ನೊಸಿ ತಿಕ್ಕವ್ವ."