ಬೆನ್ನಲ್ಲಿದ್ದ ಹೊಟ್ಟೆನೋವು

ಇಪ್ಪತ್ತೆಂಟು ವರ್ಷ ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟಿದ್ದೇನೆ. ಪಿತ್ತಕೋಶದ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣುಮುಚ್ಚಿಕೊಂಡು ಬರೆಯಬಲ್ಲೆ. ಆದರೂ ಕಳೆದ ವರ್ಷ ನನ್ನದೇ ಹೊಟ್ಟೆ ನೋಯತೊಡಗಿದಾಗ ನಾನು ಬೈದುಕೊಂಡದ್ದು ಹಿಂದಿನ ದಿನ ತಿಂದ ಅವರೆಕಾಳು ಉಪ್ಪಿಟ್ಟನ್ನು.

ನೋವು ಬಲಗಡೆ, ಪಕ್ಕೆಲುಬಿನ ಕೆಳಗೆ. ಮೊದಲ ದಿನ ಚುಚ್ಚಿ ಚುಚ್ಚಿ ಬಿಡುತ್ತಿತ್ತು. ಎರಡನೆಯ ದಿನಕ್ಕೆ ಒಳಗೆ ಯಾರೋ ಕಾದ ಸೌಟು ಇಟ್ಟ ಹಾಗೆ ಉರಿ. ಸೆರಗು ತಾಕಿದರೂ ಜೀವ ಹೋಗುತ್ತಿತ್ತು. ಬಟ್ಟೆ ತಾಕಿದರೆ ಹೆಚ್ಚಾಗುವ ಹೊಟ್ಟೆನೋವು ಎಂಥದ್ದು ಎಂದು ಆಗಲೇ ಕೇಳಿಕೊಳ್ಳಬೇಕಿತ್ತು, ಕೇಳಿಕೊಳ್ಳಲಿಲ್ಲ.

ಮನೆಯವರು ಕುರುಬರಹಳ್ಳಿಯ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿನ ಸರ್ಜನ್ ಸಣ್ಣ ವಯಸ್ಸಿನವರು, ಸಮಾಧಾನದ ಮನುಷ್ಯ. ಹೊಟ್ಟೆ ಒತ್ತಿ ನೋಡಿದರು. ಆಗ ಚರ್ಮದ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಸ್ಕ್ಯಾನಿನಲ್ಲಿ ಪಿತ್ತಕೋಶದೊಳಗೆ ಒಂದು ಕಲ್ಲು ಕಂಡಿತು. ಕಲ್ಲು ಕಣ್ಣೆದುರಿಗೇ ಇರುವಾಗ ಬೇರೆ ಕಾರಣ ಯಾರು ಹುಡುಕುತ್ತಾರೆ? ಮೂರು ದಿನ ಬಿಟ್ಟು ಮಧ್ಯಾಹ್ನ ಬಂದು ಸೇರಿಕೊಳ್ಳಿ, ಮಾರನೆಯ ದಿನ ಪಿತ್ತಕೋಶ ತೆಗೆದುಬಿಡೋಣ ಎಂದರು. ಹೊಟ್ಟೆಯ ಮೇಲೆ ಬಿಸಿ ಇಡಬೇಡಿ, ಏನೂ ಹಚ್ಚಬೇಡಿ ಎಂದೂ ಹೇಳಿ ಕಳಿಸಿದರು.

ನನಗೆ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಅರಿವಳಿಕೆ ಕೊಡುವ ಡಾಕ್ಟರು ಆ ಫೈಲನ್ನು ಎರಡು ಸಲ ತಿರುವಿ ಹಾಕಿ, ರಿಸ್ಕ್ ಇದ್ದೇ ಇದೆ ಎಂದು ಮೆಲ್ಲಗೆ ಹೇಳಿ ಸಹಿ ತೆಗೆದುಕೊಂಡರು. ಬೆಳಿಗ್ಗೆ ಎದ್ದು ಜೋರು ಮಾಡುವ ಹೆಂಗಸು ನಾನು, ಆ ಸಹಿಯಾದ ಮೇಲೆ ದನಿಯೇ ಇಳಿದುಹೋಯಿತು. ಮೇಜಿನ ಮೇಲೆ ಮಲಗಿದವಳು ಏಳುತ್ತೇನೋ ಇಲ್ಲವೋ ಎನ್ನುವುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ಹೆದರಿದ್ದೆ, ಬೇರೆ ಮಾತಿಲ್ಲ.

ಇಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. ದಾವಣಗೆರೆ ಕಡೆಯವರು, ಎಂಬತ್ತಮೂರು ವಯಸ್ಸು. ಬಸವೇಶ್ವರನಗರದ ಮನೆಯಲ್ಲಿ ನನ್ನ ಮದುವೆಯಾದಾಗಿನಿಂದ ನಾವಿಬ್ಬರೂ ಒಂದೇ ಒಲೆ ಹಂಚಿಕೊಂಡಿದ್ದೇವೆ. ಯಾರಿಗೆ ಹೊಟ್ಟೆನೋವು ಬಂದರೂ ಅವರ ಮದ್ದು ಒಂದೇ: ಇಂಗು ಅರೆದು ಹೊಕ್ಕುಳ ಸುತ್ತ ಹಚ್ಚಿ, ಮೇಲೆ ಬಿಸಿನೀರಿನ ಚೀಲ ಇಡುವುದು. ಹೊಟ್ಟೆಗೆ ಒಗ್ಗರಣೆ ಹಾಕಿದರೆ ಕಾಯಿಲೆ ಹೋಗುತ್ತದೆಯೇ ಎಂದು ನಾನು ಮಕ್ಕಳೆದುರಿಗೇ ಅವರನ್ನು ಗೇಲಿ ಮಾಡಿದ್ದುಂಟು. ಅವರು ಒಂದು ದಿನವೂ ಎದುರಾಡಲಿಲ್ಲ, ಇಂಗಿನ ಡಬ್ಬಿಯನ್ನು ಬಿಡಲೂ ಇಲ್ಲ.

ನೋವು ಶುರುವಾದ ಮೂರನೆಯ ದಿನ, ಆಸ್ಪತ್ರೆಗೆ ಹೋಗಿಬಂದ ಮಾರನೆಗೆ, ತಡೆಯಲಾಗಲಿಲ್ಲ. ಮನೆಯವರು ತರಕಾರಿಗೆ ಹೋಗಿದ್ದರು, ಅತ್ತೆ ಲಿಂಗಪೂಜೆಗೆ ಕೂತಿದ್ದರು. ಕಳ್ಳಿಯ ಹಾಗೆ ಅಡುಗೆಮನೆಗೆ ಹೋಗಿ ಅದೇ ಡಬ್ಬಿಯಿಂದ ಇಂಗು ತೆಗೆದು ಅರೆದೆ, ನೋವಿದ್ದ ಕಡೆಗೆಲ್ಲ ಹಚ್ಚಿಕೊಂಡೆ, ಬಾಗಿಲು ಹಾಕಿಕೊಂಡು ಬಿಸಿನೀರಿನ ಚೀಲವನ್ನೂ ಇಟ್ಟುಕೊಂಡೆ. ಮಾರನೆಯ ದಿನ ನೋಡಿದರೆ ಹೊಟ್ಟೆಯ ಬಲಗಡೆ ಕೆಂಪಾಗಿ, ಸಾಬುದಾನಿಯಂಥ ನೀರುಗುಳ್ಳೆಗಳು ಎದ್ದಿದ್ದವು. ಸುಟ್ಟುಕೊಂಡೆ ಅಂದುಕೊಂಡೆ. ಡಾಕ್ಟರು ಬೇಡ ಅಂದದ್ದನ್ನೇ ಮಾಡಿಕೊಂಡಿದ್ದೆ, ಅದೂ ನಾನು ನಕ್ಕ ಮದ್ದಿನಿಂದಲೇ. ಯಾರಿಗೆ ಹೇಳಲಿ? ಅದೇ ಸಂಜೆ ನರ್ಸ್ ಫೋನ್ ಮಾಡಿ, ಮೈಮೇಲೆ ಗಾಯ ಗುಳ್ಳೆ ಏನಾದರೂ ಇದೆಯೇ ಎಂದು ಕೇಳಿದಾಗ ಇಲ್ಲ ಎಂದುಬಿಟ್ಟೆ. ಪರೀಕ್ಷೆಯಲ್ಲಿ ಮಕ್ಕಳು ಚೀಟಿ ಮುಚ್ಚಿಟ್ಟರೆ ಹಿಡಿದು ಹೊರಗೆ ಕಳಿಸುತ್ತಿದ್ದವಳು ನಾನು.

ಆಸ್ಪತ್ರೆಗೆ ಸೇರುವ ದಿನ ಬೆಳಿಗ್ಗೆ ಅತ್ತೆ ಹಂಡೆ ಕಾಯಿಸಿದ್ದರು. ಆಪರೇಷನ್ ಕೋಣೆಗೆ ಹೋಗುವಾಗ ಕೊರಳಿನ ಲಿಂಗ ತೆಗೆದಿಡಬೇಕಾಗುತ್ತದೆ, ಅದಕ್ಕೇ ಮಿಂದು ಪೂಜೆ ಮಾಡಿಕೊಂಡು ಹೋಗು ಎಂದರು. ನನಗೆ ಬಗ್ಗಿ ಚೆಂಬು ಎತ್ತಲೂ ಆಗುತ್ತಿರಲಿಲ್ಲ. ಅವರೇ ಸೀರೆ ಎತ್ತಿ ಸಿಕ್ಕಿಸಿಕೊಂಡು ಬಚ್ಚಲಿಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಬೆನ್ನು ತಿಕ್ಕಲು ಬಂದದ್ದು ಅದೇ ಮೊದಲು. ಸಂಕೋಚದಿಂದ ಟವೆಲನ್ನು ಹೊಟ್ಟೆಗೆ ಅವುಚಿ ಹಿಡಿದು ಗೋಡೆಯ ಕಡೆ ಮುಖ ಮಾಡಿ ಕೂತೆ.

ಎರಡು ಚೆಂಬು ನೀರು ಬಿದ್ದ ಮೇಲೆ ಅವರ ಕೈ ನಿಂತಿತು.

"ಬೆನ್ನಿಗೂ ಬಿಸಿನೀರಿನ ಚೀಲ ಇಟ್ಕಂಡಿದ್ದೇನವ್ವ?" ಎಂದರು.

ನನಗೆ ನೀರಿನಲ್ಲೂ ಬೆವರು ಬಂತು. ಇಂಗಿನ ವಾಸನೆ ಮೊನ್ನೆಯೇ ಗೊತ್ತಾಗಿತ್ತಂತೆ, ಹೇಳಿದರೆ ನನಗೆ ನಾಚಿಕೆಯಾದೀತು ಎಂದು ಸುಮ್ಮನಿದ್ದರಂತೆ. ಬೆನ್ನಿಗೆ ಏನೂ ಇಟ್ಟಿಲ್ಲ, ಹೊಟ್ಟೆಗೆ ಮಾತ್ರ ಎಂದು ಒಪ್ಪಿಕೊಂಡೆ. ಅವರು ಟವೆಲ್ ಸರಿಸಿ, ಚರ್ಮಕ್ಕೆ ತಾಕದ ಹಾಗೆ ಬೆರಳನ್ನು ಬೆನ್ನುಮೂಳೆಯಿಂದ ಬಲಪಕ್ಕೆಯ ಮೇಲೆ ಹಾಯಿಸಿ ಹೊಟ್ಟೆಯವರೆಗೆ ತಂದರು.

"ಇದು ಸುಟ್ಟಿದ್ದಲ್ಲ. ಸರ್ಪಸುತ್ತು. ಡಾಕ್ಟ್ರಿಗೆ ತೋರಿಸ್ದೆ ಕೊಯ್ಯಿಸ್ಕಬ್ಯಾಡ."

ಅಲ್ಲೇ, ಬಚ್ಚಲಿನ ಮಣೆಯ ಮೇಲೆ, ನಾನು ಎಷ್ಟೋ ಸಲ ಬರೆದ ಇನ್ನೊಂದು ಚಿತ್ರ ಕಣ್ಣೆದುರು ಬಂತು: ಬೆನ್ನುಹುರಿಯಿಂದ ಹೊರಟು, ಪಕ್ಕೆಲುಬಿನ ಗುಂಟ ಬಳಸಿ ಹೊಟ್ಟೆಯ ಮುಂಭಾಗಕ್ಕೆ ಬರುವ ನರ. ಗುಳ್ಳೆಗಳು ಅದೇ ದಾರಿ ಹಿಡಿದಿದ್ದವು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಮ್ಮ ಬಂದು, ಅಂದರೆ ಸೀತಾಳೆ ಸಿಡುಬು ಎದ್ದು, ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ಆಗಿನ ವೈರಸ್ ನರದ ಬುಡದಲ್ಲಿ ನಲವತ್ತು ವರ್ಷಕ್ಕೂ ಮೇಲೆ ತೆಪ್ಪಗಿದ್ದು ಈಗ ಎದ್ದಿತ್ತು.

ಸರ್ಜನ್ ಕೋಣೆಗೆ ಹೋದವಳೇ ಕೂರುವ ಮೊದಲೇ ಎಲ್ಲ ಹೇಳಿದೆ: ಇಂಗು, ಬಿಸಿನೀರಿನ ಚೀಲ, ನರ್ಸಿಗೆ ಹೇಳಿದ ಸುಳ್ಳು. ಅವರು ಮೊದಲು ಬೆನ್ನು ನೋಡಿದರು, ಆಮೇಲೆ ಹೊಟ್ಟೆ. ಚರ್ಮದ ಡಾಕ್ಟರನ್ನು ಕರೆಸಿದರು. ಗುಳ್ಳೆ ಏಳುವ ಮುಂಚೆ ನಾಲ್ಕೈದು ದಿನ ಬರೀ ನೋವೇ ಬರಬಹುದು, ಹೊಟ್ಟೆಯ ಕಡೆ ಬಂದರೆ ಎಂಥವರಿಗೂ ಮೋಸವಾಗುತ್ತದೆ ಎಂದರು ಆಕೆ. ಸರ್ಜನ್ ಸ್ಕ್ಯಾನನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದರು. ರಕ್ತಪರೀಕ್ಷೆಯ ಕಾಗದ ತಿರುವಿದರು.

"ಆಪರೇಷನ್ ಬೇಡ ಮೇಡಂ. ನೋವು ಕಲ್ಲಿಂದಲ್ಲ. ಅದು ಅದರ ಪಾಡಿಗೆ ಇರಲಿ."

ನಾನು ಅತ್ತುಬಿಟ್ಟೆ. ನೋವು ಒಂದು ಚೂರೂ ಕಡಿಮೆಯಾಗಿರಲಿಲ್ಲ, ಆದರೆ ಹೋದ ಜೀವ ಬಂದ ಹಾಗಾಗಿತ್ತು. ಬಟ್ಟೆ ತುಂಬಿದ ಆಸ್ಪತ್ರೆಯ ಬ್ಯಾಗನ್ನು ಮನೆಯವರು ಹಾಗೇ ವಾಪಸ್ ಕಾರಿಗೆ ಹಾಕಿದರು. ದಾರಿಯಲ್ಲಿ ಕಬ್ಬಿನ ಹಾಲಿನ ಗಾಡಿ ಕಂಡು ನಿಲ್ಲಿಸಿ ಎಂದೆ. ಸಕ್ಕರೆ ಕಾಯಿಲೆಯವರು ಅವರು, ಅವರೂ ಅರ್ಧ ಲೋಟ ಕುಡಿದರು. ನಾನು ನೋಡದ ಹಾಗಿದ್ದೆ.

ಅತ್ತೆ ಬಾಗಿಲಲ್ಲೇ ಕೂತಿದ್ದರು, ಊಟ ಮಾಡಿರಲಿಲ್ಲ. ವಿಷಯ ಕೇಳಿ ಶಿವಶಿವಾ ಎಂದು ಕಣ್ಣೊರೆಸಿಕೊಂಡು, ಮರುಗಳಿಗೆಗೆ ಕೆಮ್ಮಣ್ಣು ಕಲಸಲು ಹೊರಟರು. ಸರ್ಪಸುತ್ತಿಗೆ ಅವರ ಕಡೆ ಅದನ್ನೇ ಹಚ್ಚುತ್ತಾರೆ. ಗುಳ್ಳೆಯ ಮೇಲೆ ಏನೂ ಹಚ್ಚಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದೆ, ಈ ಸಲ ನಗದೆ. ಒಂದು ಗಳಿಗೆ ಯೋಚಿಸಿ, ಕಲಸಿದ ಕೆಮ್ಮಣ್ಣನ್ನು ಹೊಸ್ತಿಲಿಗೆ ಬಳಿದು ಬಂದರು.

ದಿನಕ್ಕೆ ಐದು ಸಲ ಮಾತ್ರೆ ನುಂಗಿದೆ. ಸರ್ಪದ ತಲೆಯೂ ಬಾಲವೂ ಕೂಡಿದರೆ ಉಳಿಗಾಲವಿಲ್ಲ ಎನ್ನುವುದು ಅತ್ತೆಯ ನಂಬಿಕೆ. ಅದು ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಲ್ಲಿ ನಿಲ್ಲುತ್ತದೆ, ದಾಟುವುದಿಲ್ಲ ಎಂದು ಚಿತ್ರ ಬರೆದು ತೋರಿಸಿದೆ. ಚಿತ್ರ ಚೆನ್ನಾಗಿದೆ ಎಂದರು. ಆದರೂ ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಬಂದು, ನನ್ನ ಬೆನ್ನನ್ನೂ ಹೊಟ್ಟೆಯನ್ನೂ ನೋಡಿ, ಮುಟ್ಟದೆಯೇ ಗೇಣು ಹಾಕಿ, ಇನ್ನೂ ಬೇಕಾದಷ್ಟು ಜಾಗ ಇದೆ ಎಂದು ಹೇಳಿ ಹೋಗುತ್ತಿದ್ದರು. ಮೊದಲೆರಡು ದಿನ ನಾಚಿಕೆಯಾಯಿತು. ಆಮೇಲೆ ನಾನೇ ಅವರ ಕೋಣೆಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ.

ಉರಿ ಪೂರ್ತಿ ಹೋಗಲು ಎರಡು ತಿಂಗಳೇ ಹಿಡಿಯಿತು. ಹಕ್ಕಳೆ ಉದುರಿ ಕಲೆಯೂ ಮಾಸಿದ ಒಂದು ಬೆಳಿಗ್ಗೆ ಅತ್ತೆ ಕನ್ನಡಕ ತೆಗೆದು, ಏನೂ ಉಳಿದಿಲ್ಲ, ಇನ್ನು ತೋರಿಸೋದು ಬ್ಯಾಡ, ಹೋಗು ಎಂದರು.

ನಾನು ಹೋಗಲಿಲ್ಲ. "ಇನ್ನೊಂದ್ಸಲ ನೋಡಿ ಅತ್ತೆ," ಎಂದೆ.